ಕೆಂಪು ಬಟ್ಟೆ ಕಟ್ಟದ ಬುಟ್ಟಿ

ಜನವರಿ 9

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಈ ಕಥೆಯನ್ನು ಮೊದಲು ಹೇಳಿದವರು ಅಪ್ಪ. ನಮ್ಮ ಡಬ್ಬಿ ಕಾರ್ಖಾನೆಗೆ, ಮುಚ್ಚಿದ ಡಬ್ಬಿಗಳನ್ನು ಬೇಯಿಸುವ ಹಬೆ ಹಂಡೆ ಬಂದ ವರ್ಷ, ಊಟದ ಹೊತ್ತಿನಲ್ಲಿ, ಮುಚ್ಚಳದ ಮೂಟೆಗಳ ಮೇಲೆ ಕುಳಿತು ಹೇಳಿದರು. ನಿನಗೆ ಆಗ ಹಲ್ಲು ಬಿದ್ದಿತ್ತು, ಕೇಳುತ್ತಾ ಕೇಳುತ್ತಾ ನಿದ್ದೆ ಹೋದೆ. ಈಗ ನಿನ್ನ ಮಗಳು ಗುಬ್ಬಿ ನನಗೆ ಕಥೆ ಬರೆದು ಕಳಿಸು ಎಂದು ಪಟ್ಟು ಹಿಡಿದಿದ್ದಾಳಂತಲ್ಲ, ಅವಳಿಗೆ ಇದನ್ನು ಓದಿ ಹೇಳು.

ಒಂದು ದಿನ ಸಾವು ನಮ್ಮ ಕಾರ್ಖಾನೆಯ ಗೇಟಿಗೆ ಬಂತಂತೆ. ಕೈಯಲ್ಲಿ ಬುತ್ತಿ, ತಲೆಗೆ ಎಣ್ಣೆ, ಥೇಟ್ ಕೆಲಸ ಕೇಳಲು ಬಂದವರ ಹಾಗೆ.

"ಏನ್ ಬರುತ್ತೆ ನಿಂಗೆ?" ಅಂದ ಹಂಡೆ ನೋಡಿಕೊಳ್ಳುವ ಹಬೆಯವನು.

"ಕಾಯೋದು ಬರುತ್ತೆ."

"ಇಲ್ಲಿ ಕಾಯೋರು ಬೇಕಾಗಿಲ್ಲ, ಬೇಯಿಸೋರು ಬೇಕು. ನಡಿ, ನಡಿ."

ಸಾವು ನಕ್ಕಿತು. "ಸಂಬಳ ಬೇಡಪ್ಪಾ, ಕೂರೋಕೆ ಒಂದಿಷ್ಟು ಜಾಗ ಸಾಕು. ಹಬೆ ಹೊಕ್ಕ ಕಡೆ ನಾನಿರಲ್ಲ. ಹಬೆ ಮರೆತ ಕಡೆ ನಂದೇ ಮನೆ." ಹೀಗಂದು, ಮುಚ್ಚಳ ಒತ್ತಿದ, ಇನ್ನೂ ಬೇಯದ ಒಂದು ಡಬ್ಬಿಯೊಳಗೆ ಹೋಗಿ ಕುಳಿತುಬಿಟ್ಟಿತು. ಬೆಂದ ಡಬ್ಬಿ ಬೇಯದ ಡಬ್ಬಿ ನೋಡಲು ಅವಳಿ ಮಕ್ಕಳ ಹಾಗೆ. ಯಾವುದರಲ್ಲಿದೆ ಎಂದು ಹುಡುಕುವುದು? ಆಗ ಹಬೆಯವನ ಹೆಂಡತಿ ತನ್ನ ಕೆಂಪು ಸೆರಗು ಹರಿದು, ಹಬೆ ತಗಲದ ಡಬ್ಬಿಗಳ ಪ್ರತಿ ಬುಟ್ಟಿಗೂ ಒಂದೊಂದು ತುಂಡು ಕಟ್ಟಿದಳು. ಬೆಂದ ಮೇಲೇ ಬಿಚ್ಚಬೇಕು. ಬಟ್ಟೆ ಕಂಡ ಕೂಡಲೇ ಸಾವು ಎದ್ದಿತು. "ಇವರು ನೆನಪಿಟ್ಟುಕೊಂಡಿದ್ದಾರೆ. ನೆನಪಿಟ್ಟ ಮನೇಲಿ ನಂಗೇನು ಕೆಲಸ" ಎಂದು ಹೊರಟಿತು. ಗೇಟಿನ ಆಚೆ ಈಗಲೂ ನಿಂತಿದೆಯಂತೆ. ಕಾಯುವುದು ಅದಕ್ಕೆ ಬರುತ್ತದಲ್ಲ.

ಕೇಳಿದ ಹೆಂಗಸರು ಮಾರನೆಯ ಬೆಳಿಗ್ಗೆ ಮನೆಯಿಂದ ಒಬ್ಬೊಬ್ಬರು ಒಂದೊಂದು ಕೆಂಪು ಬಟ್ಟೆ ತಂದರು. ಅಂದಿನಿಂದ ಇಂದಿನವರೆಗೆ ಅದೇ ಪದ್ಧತಿ. ಬೇಯದ ಬುಟ್ಟಿಗೆ ಕೆಂಪು ಬಟ್ಟೆ. ಬಟ್ಟೆ ಇಲ್ಲದ ಬುಟ್ಟಿ ಬೆಂದದ್ದು.

ಈ ಕಾಗದವನ್ನು ಯಾವಾಗಿನಂತೆ ನಿನ್ನ ಗೋದಾಮಿಗೆ ಹೊರಟ ಕಂಟೇನರಿನ ಬಾಗಿಲ ಒಳಮೈಗೆ ಅಂಟಿಸುತ್ತಿದ್ದೇನೆ. ಈ ಸಲ ಪೂರ್ತಿ ಬಟಾಣಿ ಡಬ್ಬಿ. ಕಾಗದದ ಕೆಳಗೆ ಒಂದು ಗಂಟಿದೆ, ಗುಬ್ಬಿಗೆ. ನಮ್ಮ ಹೆಂಗಸರೆಲ್ಲ ಸೇರಿ ಚಿಂದಿಯಲ್ಲಿ ಬೊಂಬೆ ಮಾಡಿದ್ದಾರೆ. ಮೂಗು ಮಾತ್ರ ನಿನ್ನದೇ, ಯಾರನ್ನೂ ಬೈಯಬೇಡ. ಒಂದು ಮೆತ್ತನೆ ಬಟ್ಟೆಯಲ್ಲಿ ಸುತ್ತು ಎಂದು, ಡಬ್ಬಿಗೆ ಮುಚ್ಚಳ ಒತ್ತುವ ನಮ್ಮ ಮುಚ್ಚಳದವಳಿಗೆ ಹೇಳಿದ್ದೆ, ಸುತ್ತಿ ಹೊಲಿದೇಬಿಟ್ಟಿದ್ದಾಳೆ. ಅವಳು ಮೊನ್ನೆ ಸಂಜೆ ಮಗಳ ಹೆರಿಗೆ ಅಂತ ಕೆಲಸ ಅರ್ಧಕ್ಕೆ ಬಿಟ್ಟು ಓಡಿದಳು. ಎರಡು ತಿಂಗಳು ರಜೆ.

ನಾದಿನಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ


ಫೆಬ್ರವರಿ 2

ಪ್ರೀತಿಯ ತಮ್ಮನಿಗೆ,

ಇದನ್ನು ವಿಮಾನದ ಅಂಚೆಗೆ ಹಾಕುತ್ತಿದ್ದೇನೆ, ಕಂಟೇನರಿಗಿಂತ ಮೊದಲೇ ಮುಟ್ಟುತ್ತದೆ. ದೊಡ್ಡ ಸುದ್ದಿ ಏನಿಲ್ಲ. ಕಾರ್ಖಾನೆಯಲ್ಲಿ ಕಳ್ಳತನವಾಗಿದೆ!

ತಿಂಗಳ ಕೊನೆಗೆ ಕೆಂಪು ಬಟ್ಟೆಗಳನ್ನೆಲ್ಲ ಒಗೆಯುವ ಪದ್ಧತಿಯಲ್ಲವೇ. ಒಗೆದು ಹರವಿದರೆ ಒಂದು ಕಡಿಮೆ. ಯಾರೋ ಒಲೆ ಒರೆಸಲು ಒಯ್ದಿದ್ದಾರೆ ಎಂದು ನಾನು ನಕ್ಕೆ. ನಮ್ಮ ಹಂಡೆ ನೋಡಿಕೊಳ್ಳುವ ಹಬೆಯಣ್ಣ ನಗಲಿಲ್ಲ. ಹಂಡೆಯ ಪಕ್ಕದ, ಬಟ್ಟೆ ಸಿಕ್ಕಿಸುವ ಮೊಳೆಗಳ ಮುಂದೆ ನಿಂತು ನೋಡಿದ, ನೋಡಿದ, "ಯಾವತ್ತಿಂದ ಇಲ್ಲ ಅದು?" ಅಂದ. "ನನಗೇನು ಗೊತ್ತಣ್ಣಾ, ಬಟ್ಟೆ ಹೋಗುವಾಗ ಹೇಳಿ ಹೋಗುತ್ತಾ" ಅಂದೆ. ಅವನು ಆವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ವಯಸ್ಸಾಯಿತು, ಸಣ್ಣದಕ್ಕೂ ತಲೆ ಕೆಡಿಸಿಕೊಳ್ಳುತ್ತಾನೆ. ಎಲ್ಲರನ್ನೂ ಕೇಳಿದ್ದಾಯಿತು, ಯಾರೂ ತೆಗೆದಿಲ್ಲ. ಮುಚ್ಚಳದವಳೊಬ್ಬಳು ಬಾಕಿ. ಅವಳು ಮೊಮ್ಮಗುವಿನ ತೊಟ್ಟಿಲ ಮುಂದಿದ್ದಾಳೆ, ಬರಲಿ ಕೇಳೋಣ.

ಆ ಸರಕಿನಿಂದ ತೆಗೆದು, ಕೆಡುತ್ತವೆಯೇ ಎಂದು ನೋಡಲು ಬೆಚ್ಚನೆ ಕೋಣೆಯಲ್ಲಿ ಇಟ್ಟ ಡಬ್ಬಿಗಳಲ್ಲಿ ಒಂದೂ ಉಬ್ಬಿಲ್ಲ. ಹಾಗಾಗಿ ನಿನಗೆ ಚಿಂತೆ ಬೇಡ.

ಒಂದು ಮಾತು. ಹೋದ ವರ್ಷ ನಿಮ್ಮ ಸಾಹುಕಾರರು ನಾಲ್ಕು ಡಬ್ಬಿ ಜಜ್ಜಿದ್ದಕ್ಕೆ ದೂರು ಬರೆದರು, ನಮ್ಮ ಧಣಿ ಆ ಸಿಟ್ಟನ್ನು ಹೆಂಗಸರ ಮೇಲೆ ತೀರಿಸಿ ಅರ್ಧ ಜನರನ್ನು ಮನೆಗೆ ಕಳಿಸಿದರು. ಅವರ ಮನೆಗಳ ಒಲೆ ಹತ್ತದೆ ಇದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ಸಲ ಸರಕು ಇಳಿದ ಮೇಲೆ ನಾಲ್ಕು ಒಳ್ಳೆ ಮಾತು ಬರೆಸಪ್ಪಾ. ಸುಳ್ಳು ಬರೆಸು ಅನ್ನುವುದಿಲ್ಲ. ಕಣ್ಣು ಸ್ವಲ್ಪ ಮುಚ್ಚಿಕೊಂಡು ಬರೆಸು.

ನಿನ್ನ ಅಕ್ಕ


ಫೆಬ್ರವರಿ 26

ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಕಂಟೇನರ್ ಸೋಮವಾರ ಗೋದಾಮಿಗೆ ಬಂತು. ಹಡಗು ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತಿತ್ತಂತೆ. ಬಾಗಿಲು ತೆಗೆದಾಗ ಒಳಗಿನಿಂದ ಒಲೆಯ ಬಾಯಿಯ ಹಾಗೆ ಕಾವು ಹೊಡೆಯಿತು. ಆದರೂ ಸರಕು ಹೂವಿನ ಹಾಗೆ ಬಂದಿದೆ. ಸಾಹುಕಾರರಿಂದ ಒಳ್ಳೆ ಮಾತು ಬರೆಸಿದ್ದೇನೆ, ನಿನ್ನ ಹೆಂಗಸರಿಗೆ ಹೇಳು, ಒಲೆ ಉರಿಯಲಿ.

ಇನ್ನು ನಿನ್ನ ಕಳ್ಳತನದ ವಿಚಾರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನಾನೇ ಮುಟ್ಟಿಕೊಳ್ಳುತ್ತಿದ್ದೇನೆ. ಕಳವಿನ ಮಾಲು ನನ್ನ ಮನೆಯಲ್ಲಿದೆ! ಗಂಟು ಬಿಚ್ಚಿದರೆ ಬೊಂಬೆ, ಬೊಂಬೆಯ ಸುತ್ತ ನಿನ್ನ ಕೆಂಪು ಬಟ್ಟೆ. ಒಗೆದು ಒಗೆದು ಬೆಣ್ಣೆಯ ಹಾಗಾಗಿದೆ, ಒಂದು ಮೂಲೆಯಲ್ಲಿ ಮೊಳೆಗೆ ಸಿಕ್ಕಿಸುವ ತೂತೂ ಇದೆ. ಅಪ್ಪನ ಕೈ ತಗಲಿದ್ದೋ ಏನೋ ಎಂದು ನಾನೂ ಒಂದು ಸಲ ಕೆನ್ನೆಗೆ ಒತ್ತಿಕೊಂಡೆ. ನಿಮ್ಮ ಮುಚ್ಚಳದವಳಿಗೆ ಬಂಗಾರದಂಥ ಮನಸ್ಸು. ಹಬೆಯಣ್ಣನಿಗೆ ಊಟ ಮಾಡಲು ಹೇಳು.

ಗುಬ್ಬಿಗೆ ಕಥೆ ಓದಿ ಹೇಳಿದೆ. ಒಂದು ಸಲ ಅಲ್ಲ, ದಿನಾ ಎರಡು ಸಲ. ಈಗ ಮನೆಯೇ ಕಾರ್ಖಾನೆ. ನನ್ನ ಚಪ್ಪಲಿಗೆ ಕೆಂಪು ಬಟ್ಟೆ ಕಟ್ಟಿ "ಅಪ್ಪಾ, ಇದು ಬೆಂದಿಲ್ಲ, ಹಾಕ್ಕೋಬೇಡ" ಅನ್ನುತ್ತಾಳೆ. ಮಾರ್ಚ್ ಹತ್ತಕ್ಕೆ ಅವಳ ಹುಟ್ಟಿದ ದಿನ. ಬೀದಿಯ ಮಕ್ಕಳನ್ನೆಲ್ಲ ಕರೆಯಬೇಕಂತೆ. ಅತ್ತೆ ಕಳಿಸಿದ ಬಟಾಣಿಯನ್ನೇ ಬಡಿಸಬೇಕಂತೆ. ಒಂದು ಪೆಟ್ಟಿಗೆ ಕೊಂಡು ಮಂಚದ ಕೆಳಗೆ ಇಟ್ಟಿದ್ದೇನೆ.

ನಮ್ಮ ಗೋದಾಮಿನ ಕಾವಲು ತಾತನಿಗೂ ನಿನ್ನ ಹೆಸರಿನಲ್ಲಿ ಸುಗ್ಗಿ. ಅವನಿಗೆ ಹಿಂದಿಲ್ಲ ಮುಂದಿಲ್ಲ, ಗೇಟಿನ ಗೂಡೇ ಮನೆ. ಜಜ್ಜಿದ್ದು ಗಿಜ್ಜಿದ್ದು ಹಿತ್ತಲಿಗೆ ಹಾಕಿದರೆ ಹೆಕ್ಕಿಕೊಳ್ಳುತ್ತಾನೆ. "ನಿಮ್ಮಕ್ಕನ ಕೈಗೆ ಕಡಗ ಹಾಕ್ಬೇಕಪ್ಪಾ" ಎನ್ನುತ್ತಾನೆ.

ನಿನ್ನ ತಮ್ಮ


ಮಾರ್ಚ್ 5

ಅಕ್ಕನಿಗೆ,

ಹೋದ ಕಾಗದ ನಿನಗೆ ಇನ್ನೂ ಮುಟ್ಟಿರಲಾರದು. ಬೇಸರಕ್ಕೆ ಬರೆಯುತ್ತಿದ್ದೇನೆ.

ಕಾವಲು ತಾತ ನಮಗೆಲ್ಲ ನಗೆಪಾಟಲಾಗಿದ್ದಾನೆ. ಮೊನ್ನೆ ಬೆಳಿಗ್ಗೆ ನನ್ನನ್ನು ನೋಡಿ, "ನಿನ್ನ ಜೊತೆ ಬಂದೋನು ಯಾರು?" ಅಂದ. ನಾನು ಒಬ್ಬನೇ ಇದ್ದೆ. ಲಾರಿಯವರು ಕೇಕೆ ಹಾಕಿ ನಕ್ಕರು. "ತಾತಂಗೆ ಒಂದು ಬಾಟ್ಲಿ ಎರಡಾಗಿ ಕಂಡ್ರೆ ಒಳ್ಳೇದೇ ಬಿಡ್ರೋ, ಖರ್ಚು ಉಳೀತು!" ತಾತ ಕುಡಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ನಗು ಬಂದರೆ ಬಂತು. ನಿನ್ನೆ ಮಾತು ಮೂಗಿನಲ್ಲಿ ಬರುತ್ತಿತ್ತು, ನೀರು ಕುಡಿದರೆ ಹೊರಕ್ಕೇ ಬರುತ್ತಿತ್ತು. ರೆಪ್ಪೆ ಎರಡೂ ಅರ್ಧಕ್ಕೆ ಇಳಿದಿವೆ, ನಿದ್ದೆಗಣ್ಣಿನ ಮಗುವಿನ ಹಾಗೆ. ಜ್ವರ ಇಲ್ಲ, ನೋವಿಲ್ಲ. ಬೀದಿಯ ವೈದ್ಯ ನೋಡಿ, ಮುಪ್ಪು ಎಂದ. ಮುಪ್ಪು ಹೀಗೆ ಮೂರು ದಿನದಲ್ಲಿ ಬರುತ್ತದೆಯೇ?

ಅಂದ ಹಾಗೆ, ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಟಕ್ ಎಂದು ಒಳಗೆ ಹೋಗಿ, ಮತ್ತೆ ಟಕ್ ಎಂದು ಎದ್ದು ಬಂದರೆ ಅದಕ್ಕೆ ಅಪ್ಪ ಏನೋ ಹೇಳುತ್ತಿದ್ದರಲ್ಲ? ಮರೆತುಹೋಗಿದೆ. ಏನೂ ಇಲ್ಲ, ಸುಮ್ಮನೆ ನೆನಪಾಯಿತು.

ಹಡಗಿನ ಕಾವಿಗೆ ಡಬ್ಬಿ ಸ್ವಲ್ಪ ಉಬ್ಬುವುದು ಸಹಜ ಅಲ್ಲವೇ?

ಗುಬ್ಬಿಯ ಹುಟ್ಟಿದ ದಿನಕ್ಕೆ ಮನೆಯೆಲ್ಲ ಬಣ್ಣದ ಕಾಗದ. ಮಕ್ಕಳ ಸಂಖ್ಯೆ ದಿನಾ ಏರುತ್ತಿದೆ.

ನಿನ್ನ ತಮ್ಮ


ಮಾರ್ಚ್ 8

ತಮ್ಮಾ,

ನಿನ್ನ ಇಪ್ಪತ್ತಾರನೆಯ ತಾರೀಖಿನ ಕಾಗದ ಈಗ ತಾನೇ ಬಂತು. ಕೆಂಪು ಬಟ್ಟೆ ಎಂದು ಓದಿದ ಕಡೆಯೇ ನಿಲ್ಲಿಸಿದೆ. ಕಾಗದ ಕೈಯಲ್ಲಿ ಹಿಡಿದೇ ತಂತಿ ಕಚೇರಿಗೆ ಓಡಿದೆ. ಫೋನು ಧಣಿಯ ಕೋಣೆಯೊಳಗೆ, ಕೋಣೆಗೆ ಬೀಗ, ಧಣಿ ಊರಲ್ಲಿಲ್ಲ. ನಿನ್ನ ಗೋದಾಮಿನ ವಿಳಾಸಕ್ಕೆ ತಂತಿ ಕೊಟ್ಟಿದ್ದೇನೆ. ಇದು ಅದರ ಹಿಂದೆ ಬರುವ ಕಾಗದ.

ಆ ಕಂಟೇನರಿನ ಒಂದು ಡಬ್ಬಿಯನ್ನೂ ಯಾರೂ ಬಾಯಿಗೆ ಇಡಬಾರದು. ಮಗುವಿಗೆ ಕೊಡಬೇಡ. ತಾತನಿಗೆ ಕೊಡಬೇಡ. ರುಚಿ ನೋಡಲೂ ಬೇಡ.

ತಂತಿ ಕೊಟ್ಟು ಮುಚ್ಚಳದವಳ ಮನೆಗೆ ಹೋದೆ. ಅವಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

"ಬೊಂಬೆ ಸುತ್ತಿದ್ದು ಯಾವ ಬಟ್ಟೇಲೇ?" ಅಂದೆ.

ಅವಳ ಮುಖ ಅರಳಿತು. "ಕೆಂಪು ಬಟ್ಟೇಲಿ ಅಕ್ಕಾ. ಸಾವು ಹತ್ರ ಸುಳಿಯದ ಬಟ್ಟೆ ಅಲ್ವಾ ಅದು. ಅಷ್ಟು ದೂರದಲ್ಲಿರೋ ಕೂಸು, ಕಾಪಾಡ್ಲಿ ಅಂತ ನನ್ನ ಪಾಲಿನದ್ದನ್ನೇ ಸುತ್ತಿದೆ. ಮಾರನೇ ದಿನ ಮನೆಯಿಂದ ಬೇರೆ ತಂದು ಸೇರಿಸೋಣ ಅಂತಿದ್ದೆ."

"ಆವತ್ತು ನಿನ್ನ ಕೊನೇ ಬುಟ್ಟಿಗೆ ಏನು ಕಟ್ಟಿದೆ?"

ಅವಳ ಕೈ ಕೂಸಿನ ಬೆನ್ನ ಮೇಲೆ ನಿಂತುಹೋಯಿತು. ಏನೂ ಕಟ್ಟಿರಲಿಲ್ಲ ತಮ್ಮಾ. ಮುಚ್ಚಳ ಒತ್ತಿದ ಬುಟ್ಟಿಯನ್ನು ಓಣಿಯ ಗೋಡೆಗೆ ಒರಗಿಸಿ, ಹಬೆಯಣ್ಣನಿಗೆ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ಮಗಳಿಗೆ ನೋವು ಶುರುವಾಯಿತೆಂದು ಕರೆ ಬಂತು, ಹಾಗೇ ಓಡಿದಳು. ಬೆಳಿಗ್ಗೆ ಬಂದ ಚೀಟಿ ಅಂಟಿಸುವವರು ನೋಡಿದರು: ಬಟ್ಟೆ ಇಲ್ಲ, ಅಂದರೆ ಬೆಂದಿದೆ. ಚೀಟಿ ಅಂಟಿಸಿ ಉಳಿದವುಗಳ ಜೊತೆ ಪೆಟ್ಟಿಗೆ ತುಂಬಿದರು. ಯಾವ ಪೆಟ್ಟಿಗೆಗೆ ಎಷ್ಟು ಹೋಯಿತು ಎಂದು ದೇವರಿಗೂ ಗೊತ್ತಿಲ್ಲ. ಬೆಚ್ಚನೆ ಕೋಣೆಗೆ ಆ ಬುಟ್ಟಿಯದು ಒಂದೂ ಹೋಗಿಲ್ಲ.

ಹಬೆಯಣ್ಣನಿಗೆ ಹೇಳಿದೆ. "ನಂಗೆ ಗೊತ್ತಿತ್ತು" ಅಂದ, ಅಷ್ಟೇ. ಆಮೇಲೆ ಹಂಡೆಗೆ ಹಣೆ ಒತ್ತಿ ನಿಂತ. ಹಂಡೆ ಬಿಸಿಯಾಗಿತ್ತು, ನಾವೇ ಎಳೆದು ತಂದೆವು.

ತಂತಿ ಮುಟ್ಟಿದ ಕೂಡಲೇ ಮರುತಂತಿ ಕೊಡು. ಒಂದೇ ಪದ ಸಾಕು.

ಅಕ್ಕ


ಮಾರ್ಚ್ 15

ತಮ್ಮಾ,

ಮರುತಂತಿ ಬರಲಿಲ್ಲ. ಬದಲಿಗೆ ನಿನ್ನ ಐದನೆಯ ತಾರೀಖಿನ ಕಾಗದ ಬಂತು. ತಾತನಿಗೆ ಎರಡೆರಡು ಕಂಡಿತು ಎಂದು ನೀನು ನಗುತ್ತಾ ಬರೆದಿದ್ದೀಯ.

ಅಪ್ಪ ಏನು ಹೇಳುತ್ತಿದ್ದರು ಎಂದು ಕೇಳಿದ್ದೀಯಲ್ಲ. "ಒತ್ತಿದ್ರೆ ಒಳಗೆ ಹೋಗಿ ಮತ್ತೆ ಎದ್ದು ಬಂತಾ, ಒಳಗಿರೋನು ಉಸಿರಾಡ್ತಿದ್ದಾನೆ ಅಂತ" ಅನ್ನುತ್ತಿದ್ದರು. ನೀನು ಮರೆತಿರಲಾರೆ. ಮರೆತಿದ್ದರೆ ಕೇಳುತ್ತಿರಲಿಲ್ಲ. ಎಷ್ಟು ಡಬ್ಬಿ ಉಬ್ಬಿದ್ದವು ತಮ್ಮಾ? ಹೂವಿನ ಹಾಗೆ ಬಂದಿದೆ ಎಂದು ಯಾಕೆ ಬರೆದೆ? ಕಣ್ಣು ಸ್ವಲ್ಪ ಮುಚ್ಚಿಕೋ ಎಂದು ನಾನೇ ಬರೆದಿದ್ದೆನಲ್ಲ. ನಾನೇ ಬರೆದಿದ್ದೆ.

ಉಬ್ಬಿದ್ದು ಕಣ್ಣಿಗಾದರೂ ಕಾಣುತ್ತದೆ. ಉಬ್ಬದೆ ಸುಮ್ಮನೆ ಕುಳಿತಿರುವುದೂ ಇರುತ್ತದೆ, ಅದೇ ಹೆಚ್ಚು ಮೋಸ.

ಇವತ್ತು ಹದಿನೈದು. ಹತ್ತು ದಾಟಿಹೋಯಿತು. ಆ ಮಕ್ಕಳೆಲ್ಲ ಬಂದಿದ್ದರೇ? ಗುಬ್ಬಿ ಹೇಗಿದ್ದಾಳೆ? ಹೇಗಿದ್ದಾಳೆ ಎಂದಷ್ಟೇ ಬರೆ. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಎದ್ದು ಒಳಗೆ ಹೋಗುತ್ತಿದ್ದೇನೆ. ಬಾಗಿಲ ಸಂದಿಯಲ್ಲಿ ಕಾಗದ ಬೀಳುವ ಸದ್ದಿಗೆ ಕಿವಿ ಕೊಟ್ಟು, ಬಿದ್ದರೆ ಹೆದರುತ್ತೇನೆ, ಬೀಳದಿದ್ದರೂ ಹೆದರುತ್ತೇನೆ.

ಅಕ್ಕ


ಮಾರ್ಚ್ 18

ಅಕ್ಕಾ,

ಗುಬ್ಬಿ ಚೆನ್ನಾಗಿದ್ದಾಳೆ. ಮೊದಲು ಅದನ್ನು ಓದಿಕೋ. ಬೀದಿಯ ಮಕ್ಕಳೂ ಚೆನ್ನಾಗಿದ್ದಾರೆ.

ತಾತ ಇಲ್ಲ.

ಮರುತಂತಿ ಕೊಡು ಎಂದ ನಿನ್ನ ಕಾಗದ ಇವತ್ತು ಕೈಸೇರಿತು. ನಿನ್ನ ತಂತಿ ಒಂಬತ್ತಕ್ಕೇ ಬಂದಿತ್ತು. ಸಾಹುಕಾರರು ಒಡೆದು ಓದಿ, ಮೇಜಿನ ಮೇಲಿನ ಗಾಜಿನ ಗುಂಡಿನ ಕೆಳಗೆ ಇಟ್ಟುಕೊಂಡರು. ಹನ್ನೊಂದಕ್ಕೆ ಕರೆದು ಕೊಟ್ಟರು. "ನಿಮ್ಮಕ್ಕಂಗೆ ಸ್ವಲ್ಪ ಭಯ ಜಾಸ್ತಿ ಅನ್ಸುತ್ತೆ. ಅರ್ಧ ಸರಕು ಮಾರಾಟ ಆಗೋವರೆಗೆ ಸುಮ್ನಿರೋಣ ಅಂತಿದ್ದೆ" ಅಂದರು. ಅದೃಷ್ಟಕ್ಕೆ ಕೊಳ್ಳುವವರು ಬಂದಿರಲಿಲ್ಲ, ಸರಕು ಗೋದಾಮಿನಲ್ಲೇ ಇತ್ತು. ತಂತಿ ಆ ಗುಂಡಿನ ಕೆಳಗೆ ಇದ್ದಾಗಲೇ, ಹತ್ತರ ಮಧ್ಯಾಹ್ನ, ತಾತ ಹೋದ. ಒಂಬತ್ತಕ್ಕೆ ಕೈಗೆ ಸಿಕ್ಕಿದ್ದರೆ ಬಂದರಿನ ಆಸ್ಪತ್ರೆಯಲ್ಲಿ ಅದಕ್ಕೆ ಮದ್ದಿತ್ತಂತೆ. ಏನು ತಿಂದ ಎಂದು ಗೊತ್ತಾಗಿದ್ದರೆ ಕೊಡುತ್ತಿದ್ದರಂತೆ.

ಏನು ತಿಂದ ಎಂದು ನನಗೆ ಗೊತ್ತಿತ್ತು ಅಕ್ಕಾ. ಕಂಟೇನರ್ ತೆಗೆದ ದಿನವೇ ಉಬ್ಬಿದ ಡಬ್ಬಿಗಳನ್ನು ಕಂಡೆ. ನಿನ್ನ ಹೆಂಗಸರ ಒಲೆ ಕಣ್ಣ ಮುಂದೆ ಬಂತು. ಹಡಗಿನ ಕಾವು ಎಂದು ನನಗೆ ನಾನೇ ಹೇಳಿಕೊಂಡು, ಸಾಹುಕಾರರ ಕಣ್ಣಿಗೆ ಬೀಳದ ಹಾಗೆ ಹಿತ್ತಲಿಗೆ ಎಸೆದೆ. ಚುಚ್ಚಿ ಚೆಲ್ಲಲಿಲ್ಲ, ಹೂಳಲಿಲ್ಲ. ತಾತ ಹೆಕ್ಕಿಕೊಂಡ. ಅವನ ಸ್ಟೌವಿಗೆ ಆ ವಾರ ಎಣ್ಣೆ ಇರಲಿಲ್ಲ, ತಣ್ಣಗೇ ತಿಂದಿದ್ದಾನೆ.

ಒಂಬತ್ತನೆಯ ತಾರೀಖು ನೋಡಲು ಹೋಗಿದ್ದೆ. ರೆಪ್ಪೆ ಪೂರ್ತಿ ಮುಚ್ಚಿತ್ತು. ನನ್ನ ಹೆಜ್ಜೆ ಗುರುತು ಹಿಡಿದು, ಬೆರಳಿನಿಂದ ಒಂದು ರೆಪ್ಪೆಯನ್ನು ಎತ್ತಿ ಹಿಡಿದು ನನ್ನನ್ನು ನೋಡಿದ. ಬುದ್ಧಿ ಎಲ್ಲ ನೆಟ್ಟಗಿತ್ತು. ಮೂಗಿನಲ್ಲಿ, ಬಿಡಿಸಿ ಬಿಡಿಸಿ ಹೇಳಿದ: "ಅವ್ರಿಗೆ ಹೇಳು ಮಗಾ. ನಾನು ಕುಡಿದಿರ್ಲಿಲ್ಲ."

ಗುಬ್ಬಿಯ ಹುಟ್ಟಿದ ದಿನ ಏನಾಯಿತು ಎಂದು ಹೇಳುತ್ತೇನೆ. ಮಕ್ಕಳೆಲ್ಲ ತಟ್ಟೆ ಮುಂದೆ ಕುಳಿತಿದ್ದರು. ನಿನ್ನ ನಾದಿನಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದಳು. ಪೆಟ್ಟಿಗೆಯ ಸುತ್ತ ಕೆಂಪು ಬಟ್ಟೆ ಬಿಗಿದು ಕಟ್ಟಿತ್ತು, ಮೇಲೆ ಬೊಂಬೆ ಕಾವಲಿಗೆ ಕುಳಿತಿತ್ತು.

"ತೆಗೀಬೇಡ ಅಮ್ಮಾ, ಇನ್ನೂ ಬೆಂದಿಲ್ಲ. ಸಾವು ಒಳಗೆ ಕೂತಿದೆ."

"ಹೌದು ಮಾರಾಯ್ತಿ, ಕೂತಿದೆ. ನಿನ್ನ ಗೆಳತೀರಿಗೆ ಹಸಿವಾಗಿದೆ, ಬಿಡು."

ಗುಬ್ಬಿ ಬಿಡಲಿಲ್ಲ. ಪೆಟ್ಟಿಗೆಯ ಮೇಲೆ ಬಿದ್ದು, ಬೀದಿ ಕೇಳುವ ಹಾಗೆ ಕಿರುಚಿದಳು. ನಾನು ರೇಗಿ ಕೈ ಎತ್ತಿದೆ ಅಕ್ಕಾ. ನಿನ್ನ ನಾದಿನಿಯೇ ತಡೆದಳು. "ಹುಟ್ಟಿದ ದಿನ ಅಳಿಸ್ಬೇಡಿ, ಆಲೂಗಡ್ಡೆ ಬೇಯಿಸ್ತೀನಿ" ಅಂದಳು. ಎಲ್ಲರೂ ಆಲೂಗಡ್ಡೆ ತಿಂದು ಹೋದರು.

ತಂತಿ ಓದಿ ಮನೆಗೆ ಬಂದು, ಮಗಳ ಅಪ್ಪಣೆ ಕೇಳಿ, ಬಟ್ಟೆ ಬಿಚ್ಚಿ, ಒಂದೊಂದೇ ಡಬ್ಬಿಯ ಮುಚ್ಚಳ ಒತ್ತಿದೆ. ಎರಡು ಒತ್ತಿದೆ, ಗಟ್ಟಿ ಇದ್ದವು. ಮೂರನೆಯದು ಟಕ್ ಎಂದು ಒಳಗೆ ಹೋಯಿತು. ನಾನು ಬೆರಳು ತೆಗೆದೆ. ಅದು ಎದ್ದು ಬಂತು.

ಆ ಡಬ್ಬಿಯನ್ನು ಬಂದರಿನ ವೈದ್ಯರಿಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಗೋದಾಮಿಗೆ ಮುದ್ರೆ ಬಿದ್ದಿದೆ. ನನಗೆ ಕೆಲಸ ಹೋಗಿದೆ, ಅದು ದೊಡ್ಡದಲ್ಲ. ಲಾರಿಯವರನ್ನು ನಿಲ್ಲಿಸಿ, ತಾತ ಕುಡಿದಿರಲಿಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದೆ.

ನಿನ್ನ ತಮ್ಮ


ಮಾರ್ಚ್ 29

ತಮ್ಮಾ,

ಮೊದಲ ಸಾಲು ಓದಿ ಕಾಗದ ಮಡಿಸಿಬಿಟ್ಟೆ. ಎರಡನೆಯದನ್ನು ಓದಲು ಸಂಜೆಯಾಯಿತು.

ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ಒಂದು ಮುಚ್ಚಳವನ್ನು ನೀನು ಮುಚ್ಚಿದೆ, ಒಂದನ್ನು ನಾನು ಮುಚ್ಚಿದೆ. ತಾತನ ಊರು, ಬಂಧು, ಯಾರಾದರೂ ಗೊತ್ತಾದರೆ ಬರೆ. ಮುಚ್ಚಳದವಳಿಗೆ ತಾತನ ವಿಷಯ ಇನ್ನೂ ಹೇಳಿಲ್ಲ. ಎಳೆಯ ಮೊಮ್ಮಗು, ಹಾಸಿಗೆ ಹಿಡಿದ ಮಗಳು, ಅವರಿಬ್ಬರಿಗೂ ಅವಳೇ ಗತಿ. ಹೇಗೆ ಹೇಳಲಿ?

ಧಣಿ ಊರಿಗೆ ಮರಳಿದರು. ನಾನು ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, ಹಲ್ಲುಕಡ್ಡಿ ಮುರಿಯುತ್ತಾ, "ಮುದುಕ ಅಲ್ವಾ?" ಅಂದರು. "ಹೌದು" ಅಂದೆ. "ಮುದುಕರು ಸಾಯ್ತಾರಮ್ಮಾ. ನೀನು ಕೆಲಸ ನೋಡು" ಅಂದರು.

ಉಳಿದ ಸರಕನ್ನು ಅಲ್ಲೇ ಸುಡಿಸು. ನನ್ನ ಮೇಲೆ ಆಣೆ.

ಅಕ್ಕ


ಏಪ್ರಿಲ್ 22

ಅಕ್ಕಾ,

ಈ ಕಾಗದವನ್ನು ನಾನು ಕಂಟೇನರಿನ ಬಾಗಿಲ ಒಳಮೈಗೆ ಅಂಟಿಸುತ್ತಿದ್ದೇನೆ. ತುಂಬುವ ಕೂಲಿಯವರ ನಡುವೆ ತಲೆಗೆ ಟವೆಲು ಸುತ್ತಿ ನುಗ್ಗಿದ್ದೇನೆ. ಹಳೆಯ ಲಾರಿಯವರೇ ಒಳಗೆ ಬಿಟ್ಟರು.

ಸುಡಿಸಲು ಆಗಲಿಲ್ಲ. ಈ ಬಂದರಿನಲ್ಲಿ ಮಾರಬಾರದು ಎಂದಷ್ಟೇ ಆಜ್ಞೆ. ನಮ್ಮ ಸಾಹುಕಾರರೂ ನಿಮ್ಮ ಧಣಿಯೂ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆ. ಸರಕು ನಿಮ್ಮಲ್ಲಿಗೆ ವಾಪಸು ಬರುತ್ತದೆ. ಬಂದ ಮೇಲೆ ಹಳೆ ಚೀಟಿ ಕಿತ್ತು ಹೊಸ ಚೀಟಿ ಅಂಟಿಸಿ, ಯಾರೂ ಏನೂ ಕೇಳದ ಇನ್ನೊಂದು ಬಂದರಿಗೆ ಕಳಿಸುತ್ತಾರಂತೆ. ಉಬ್ಬಿದ್ದನ್ನು ಹೆಕ್ಕಿ ತೆಗೆದರೆ ಉಳಿದದ್ದು ಚಿನ್ನ ಎಂದು ಸಾಹುಕಾರರು ನಗುತ್ತಿದ್ದರಂತೆ, ಗುಮಾಸ್ತ ಹೇಳಿದ.

ಉಬ್ಬದೆ ಸುಮ್ಮನೆ ಕುಳಿತಿರುವುದು ಹೆಚ್ಚು ಮೋಸ ಎಂದು ನೀನು ಬರೆದಿದ್ದೆ. ಅವು ಇದರೊಳಗೆ ಇವೆ. ಈಗ ಅವಕ್ಕೆ ಇನ್ನಷ್ಟು ದಿನ ಕಡಲ ಕಾವು.

ಕೆಂಪು ಬಟ್ಟೆಯನ್ನು ಕಾಗದದ ಕೆಳಗೆ ಇಟ್ಟಿದ್ದೇನೆ. ಗುಬ್ಬಿ ಕೊಡಲು ಒಪ್ಪಿರಲಿಲ್ಲ. "ಅತ್ತೆಗೆ ಬೇಕಂತೆ, ಅವಳ ಬುಟ್ಟಿಗೆ ಕಟ್ಟೋಕೆ ಏನೂ ಇಲ್ವಂತೆ" ಅಂದೆ. ಸ್ವಲ್ಪ ಯೋಚಿಸಿ, ಬಿಚ್ಚಿ ಕೊಟ್ಟಳು.

ನಿನ್ನ ತಮ್ಮ


ಜೂನ್ 3

ಪ್ರೀತಿಯ ತಮ್ಮನಿಗೆ, ಗುಬ್ಬಿಗೆ,

ಕಂಟೇನರ್ ಶುಕ್ರವಾರ ಬಂತು. ಬಾಗಿಲು ತೆಗೆಯುವಾಗ ನಾನೇ ಮುಂದೆ ನಿಂತಿದ್ದೆ, ಕಾಗದವೂ ಬಟ್ಟೆಯೂ ನನ್ನ ಕೈಗೇ ಸಿಕ್ಕವು. ನೀನು ಬರೆದಂತೆಯೇ ಆಯಿತು. ಪೆಟ್ಟಿಗೆಗಳನ್ನೆಲ್ಲ ಇಳಿಸಿ ಹಿಂದಿನ ಕೋಣೆಯಲ್ಲಿ ಜೋಡಿಸಿದರು. ಎರಡು ದಿನ ಧಣಿಯೇ ಎದುರಿಗೆ ಕುರ್ಚಿ ಹಾಕಿ ಕುಳಿತು ಹೊಸ ಚೀಟಿ ಹಾಕಿಸಿದರು. ಯಾಕೆ ಏನು ಎಂದು ಹೆಂಗಸರಿಗೆ ಯಾರೂ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಲಾರಿ ಬರುತ್ತದೆ ಎಂದರು.

ಸೋಮವಾರ ಊಟದ ಹೊತ್ತಿನಲ್ಲಿ ನಾನು ಮುಚ್ಚಳದ ಮೂಟೆಗಳ ಮೇಲೆ ಕುಳಿತೆ. ಅಪ್ಪ ಕೂರುತ್ತಿದ್ದ ಕಡೆಯೇ. "ಒಂದು ಕಥೆ ಹೇಳ್ತೀನಿ" ಅಂದೆ. "ಅಕ್ಕೋರೇ, ಅದೇ ಕಥೆ ತಾನೇ? ನಮ್ ಮಕ್ಳಿಗೂ ಬಾಯಿಪಾಠ ಆಗಿದೆ" ಎಂದು ಒಬ್ಬಳು ತಮಾಷೆ ಮಾಡಿದಳು. "ಅದೇ. ಮುಂದಿಂದು" ಅಂದೆ.

ಗೇಟಿನ ಆಚೆ ಕಾಯುತ್ತಾ ನಿಂತಿದ್ದ ಸಾವಿಗೆ ಒಂದು ಸಂಜೆ ಒಂದು ಬುಟ್ಟಿ ಕಂಡಿತು, ಬಟ್ಟೆ ಇಲ್ಲದ್ದು. ಅಲ್ಲಿ ಕಟ್ಟಬೇಕಾದ ಬಟ್ಟೆ ಪ್ರೀತಿಯಿಂದ ಒಂದು ಕೂಸಿನ ಕಡೆಗೆ ಹೊರಟಿತ್ತು. ಸಾವು ಒಳಗೆ ಬಂದು ಕುಳಿತು ಹಡಗು ಹತ್ತಿತು. ಬಟ್ಟೆಯೂ ಅದೇ ಹಡಗು ಹತ್ತಿತು. ಆಚೆ ದಡದಲ್ಲಿ ಬಟ್ಟೆ ಕೂಸನ್ನು ಕಾಯಿತು. ಕಾವಲುಗಾರನನ್ನು ಕಾಯುವವರು ಯಾರೂ ಇರಲಿಲ್ಲ. ಹೀಗೆ ಎಲ್ಲವನ್ನೂ ಹೇಳಿದೆ. ಎರಡು ಚಂದ್ರ ಕಂಡವರ ಹಾಗೆ ನೋಡಿದ ತಾತ, ಬೆರಳಿನಿಂದ ಎತ್ತಿ ಹಿಡಿದ ರೆಪ್ಪೆ, "ನಾನು ಕುಡಿದಿರ್ಲಿಲ್ಲ". "ಈಗ ಅದು ಎಲ್ಲಿದೆ?" ಎಂದು ಒಬ್ಬಳು ಕೇಳಿದಳು. ನಾನು ಹಿಂದಿನ ಕೋಣೆಯ ಬಾಗಿಲು ತೋರಿಸಿದೆ. "ಹೋಗಿ ಬಂದಿದೆ. ನಾಳೆ ಮತ್ತೆ ಹೊರಡುತ್ತೆ. ಹೊಸ ಚೀಟಿ ನೀವೇ ಅಂಟಿಸಿದ್ದೀರಿ."

ಮುಚ್ಚಳದವಳು, ಮಗಳು ಹಾಸಿಗೆಯಿಂದ ಎದ್ದ ಮೇಲೆ, ಕೆಲಸಕ್ಕೆ ಮರಳಿ ತಿಂಗಳಾಗಿದೆ, ಸಾಲಿನ ತುದಿಯಲ್ಲಿ ಕುಳಿತಿದ್ದಳು. ಅವಳ ಹೆಸರನ್ನು ನಾನು ಕಥೆಯಲ್ಲಿ ತಂದಿರಲಿಲ್ಲ. ಅವಳು ಎದ್ದು ಬಂದು ಕೈ ಚಾಚಿದಳು, ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. ಸೈರನ್ ಕೂಗಿತು, ಎಲ್ಲರೂ ಕೆಲಸಕ್ಕೆ ಹೋದರು. ಸಂಜೆ ಯಾರೂ ಯಾರ ಜೊತೆಗೂ ನಡೆಯದೆ ಬೇರೆ ಬೇರೆಯಾಗಿ ಮನೆಗೆ ಹೋದರು. ನಾನು ಸೋತೆ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಹಿಂದಿನ ಕೋಣೆಯ ಬೀಗ ತೆಗೆದಿತ್ತು. ಬೀಗದ ಕೈ ಇರುವುದು ಧಣಿಯ ಬಳಿ ಒಂದು, ಹಬೆಯಣ್ಣನ ಬಳಿ ಒಂದು. ಒಳಗೆ ನೋಡಿದರೆ ಕೋಣೆ ಕೆಂಪಗಿತ್ತು ತಮ್ಮಾ. ಒಂದೊಂದು ಪೆಟ್ಟಿಗೆಗೂ ಒಂದೊಂದು ಕೆಂಪು. ಸೀರೆಯ ಅಂಚು, ಮಕ್ಕಳ ಲಂಗ, ಜಡೆಯ ರಿಬ್ಬನ್ನು, ದಿಂಬಿನ ಚೀಲ, ಹರಿದ ಕೊಡೆಯ ಬಟ್ಟೆ. ಹಬೆಯಣ್ಣ ಮದುವೆಯಲ್ಲಿ ಹೊದ್ದ ವಲ್ಲಿಯೂ ನಾಲ್ಕು ತುಂಡಾಗಿ ಕಂಡಿತು. ಇನ್ನೂ ಕಟ್ಟುತ್ತಲೇ ಇದ್ದರು.

ಲಾರಿ ಬಂತು. ಡ್ರೈವರ್ ಇಣುಕಿ ನೋಡಿ, "ಇದೇನಕ್ಕಾ, ಮದುವೆ ದಿಬ್ಬಣವಾ?" ಎಂದು ನಕ್ಕ. ಯಾರೂ ನಗಲಿಲ್ಲ. "ಬೆಂದಿಲ್ಲ" ಅಂದಳು ಒಬ್ಬಳು. ಪಕ್ಕದವಳೂ "ಬೆಂದಿಲ್ಲ" ಅಂದಳು. ಅವನಿಗೆ ಏನು ಅರ್ಥವಾಯಿತೋ, ಒಂದು ಪೆಟ್ಟಿಗೆ ಎತ್ತಲು ಬಗ್ಗಿದವನು ಕೈ ಹಿಂದಕ್ಕೆ ತೆಗೆದು, ಹೋಗಿ ಎಂಜಿನ್ ಆರಿಸಿದ. ಆಚೆ ಅಂಗಳದಲ್ಲಿ ಧಣಿಯ ಕಾರು ಬಂದು ನಿಂತ ಸದ್ದಾಯಿತು, ಬಾಗಿಲು ಹೊಡೆದ ಸದ್ದಾಯಿತು.

ಮುಚ್ಚಳದವಳು ತಿರುಗಿ ನೋಡಲಿಲ್ಲ. ಗುಬ್ಬಿಯ ಬಟ್ಟೆಯನ್ನು ಬಾಗಿಲ ಬಳಿಯ ಕೊನೆಯ ಪೆಟ್ಟಿಗೆಗೆ ಸುತ್ತಿದಳು, ಗಂಟು ಹಾಕಿದಳು, ಬಿಗಿಯಾಯಿತೇ ಎಂದು ಎರಡು ಸಲ ಎಳೆದು ನೋಡಿದಳು.